ದೇವರಿಗೆ ಒಂದು ಡೇಲಿಲಿ

ದೇವರೆಂದರೆ ಮೂಗು ಮುರಿಯುವ ನಾಗಭೂಷಣರು ಅಂದು ಬೆಳ್ಳಂಬೆಳಗ್ಗೆ, ಪೂಜೆಗೆ ಹೂ ಕದಿಯುವವರ ಹಾಗೆ ಪ್ಲಾಸ್ಟಿಕ್ ಕವರ್ ಹಿಡಿದು, ಹಿಂದಿನ ಬೀದಿಯ ವನಜಾಕ್ಷಮ್ಮನವರ ಕಾಂಪೌಂಡಿನೊಳಗೆ ಕೈ ಹಾಕಿದರು. ಅಲ್ಲೊಂದು ಹೊಸ ಡೇಲಿಲಿ ಅರಳಿತ್ತು. ಅಪ್ಪಟ ಬೀಟ್‌ರೂಟ್ ಬಣ್ಣ. ಆ ಬಣ್ಣಕ್ಕಾಗಿ ನಾಗಭೂಷಣರು ತಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಈ ಹೂವಿನ ಪರಾಗ ಆ ಹೂವಿಗೆ ಸೋಕಿಸಿ, ಬೀಜ ಕಟ್ಟಿಸಿ, ಮೊಳಕೆ ಬೆಳೆಸಿ ಸೋತಿದ್ದರು. ಡೇಲಿಲಿ ಸಂಜೆಗೆಲ್ಲ ಬಾಡಿಹೋಗುವ ಹೂವು. ಅದರ ಪರಾಗ ಈಗಲೇ ಕೈಗೆ ಸಿಗಬೇಕು.

"ಯಾರ್ರೀ ಅದು?"

ಗೇಟಿನ ಹಿಂದೆ ವನಜಾಕ್ಷಮ್ಮ, ಕೈಯಲ್ಲಿ ಪೊರಕೆ.

"ನಾನೇ ಅಮ್ಮಾ. ದೇವರಿಗೆ ಅಂತ ಒಂದು ಹೂವು..."

"ಹೂವು ಗಿಡದಲ್ಲೇ ಇದೆಯಲ್ರೀ. ನಿಮ್ಮ ದೇವರಿಗೆ ಬರೀ ಪರಾಗ ಸಾಕಾ?"

ನಾಗಭೂಷಣರು ಬೆರಳಿಗೆ ಅಂಟಿದ್ದ ಹಳದಿ ಪುಡಿಯನ್ನು ಭಯಭಕ್ತಿಯಿಂದ ಹಣೆಗೆ ಹಚ್ಚಿಕೊಂಡರು. "ಇದೊಂದು ಬೇರೆ ವ್ರತ ಅಮ್ಮಾ."

ವನಜಾಕ್ಷಮ್ಮ ಪೊರಕೆ ಕೆಳಗಿಟ್ಟರು. ಹೂವನ್ನೇ ಕಿತ್ತು ಅವರ ಕವರಿಗೆ ಹಾಕಿದರು.

"ಧಾರಾಳವಾಗಿ ತಗೊಳ್ಳಿ. ಇದರಪ್ಪ ನಿಮ್ಮನೆ ಹೂವೇ. ಹಿಂದೊಮ್ಮೆ ನಿಮ್ಮಂಗಳದಿಂದ ಅದನ್ನ ಕಿತ್ಕೊಂಡು ಹೋಗುವಾಗ ನಾನೂ ದೇವರಿಗೆ ಅಂತಲೇ ಹೇಳಿದ್ದೆ."