ಹಿಮ್ಮಡಿಯ ಕರೆ

"ಅದನ್ನ ಕರೆದು ಪ್ರಯೋಜನ ಇಲ್ಲಮ್ಮ, ಕಿವಿ ಕೇಳಿಸಲ್ಲ," ಅಂದರು ಬೀದಿನಾಯಿಗಳ ಆಶ್ರಯಧಾಮ ನಡೆಸುವ ಡಾಕ್ಟರಮ್ಮ. ಮೂಲೆಯ ಗೂಡಿನಲ್ಲಿ ಕಂದು ನಾಯಿಯೊಂದು ಗೋಡೆಗೆ ಮುಖ ಮಾಡಿ ಮಲಗಿತ್ತು. "ಎಂಟು ತಿಂಗಳಾಯ್ತು. ಬಂದವರೆಲ್ಲ ಕರೀತಾರೆ, ಇದು ತಿರುಗಿ ನೋಡಲ್ಲ, ಅವರು ಹೊರಟುಹೋಗ್ತಾರೆ."

ಟಿಂಕರಿಂಗ್ ಕೆಲಸದವನ ಹೆಂಡತಿಗೆ ಅಷ್ಟೇ ಸಾಕಾಯಿತು. ಜಾತಿನಾಯಿಯ ಮರಿ ಮಾರುವವನ ವಿಳಾಸ ಅವಳ ಪರ್ಸಿನಲ್ಲೇ ಇತ್ತು. ಹೆಸರು ಹಿಡಿದು ಕರೆದರೆ ಉರುಳಿಕೊಂಡು ಬರುವಂಥ ಮರಿಗಳು! ಇಲ್ಲಿಗೆ ಎಳೆದುಕೊಂಡು ಬಂದದ್ದು ಗಂಡ. ಆ ಮಹಾರಾಯ ಬಂದ ಕೆಲಸ ಬಿಟ್ಟು ಹೊರಬಾಗಿಲ ಸಡಿಲ ಚಿಲಕ ಬಿಗಿ ಮಾಡುತ್ತ ಕೂತಿದ್ದ.

"ರೀ, ನಡೀರಿ ಹೋಗೋಣ!"

ಅವನು ಅಲುಗಲಿಲ್ಲ. ಮೂವತ್ತು ವರ್ಷ ಕಾರುಗಳ ನೆಗ್ಗು ಬಡಿದು ಬಡಿದು ಅವನ ಕಿವಿಯೂ ಅಷ್ಟಕ್ಕಷ್ಟೆ. ಮನೆಯಲ್ಲಿ ದಿನಾ ಊಟಕ್ಕೆ ಕರೆಯುವ ಹಾಗೆ ಅವಳು ಹಲಗೆಯ ನೆಲಕ್ಕೆ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದಳು. ಹಲಗೆಗಳು ಗೂಡಿನವರೆಗೂ ಅದುರಿದವು.

ಗಂಡ ತಿರುಗಿದ. ಅದೇ ಗಳಿಗೆಯಲ್ಲಿ ನಾಯಿಯೂ ತಿರುಗಿತು. ಎದ್ದು, ಬಾಲ ಆಡಿಸುತ್ತ ನೆಟ್ಟಗೆ ಅವಳ ಕಡೆಗೇ ಬಂದು ಕಂಬಿಗೆ ಮೂಗು ಒತ್ತಿತು.

ಡಾಕ್ಟರಮ್ಮ ಮೊಳೆಗೆ ನೇತುಹಾಕಿದ್ದ ನಾಯಿ ಕಟ್ಟುವ ಬೆಲ್ಟುಗಳತ್ತ ಕೈಚಾಚಿದರು.

"ಒಂದೇ ಸಾಕು ಡಾಕ್ಟ್ರೇ," ಅಂದಳು ಅವಳು, ಗಂಡನ ಕಡೆ ನೋಡಿ. "ಇನ್ನೊಬ್ಬರು ಹಾಗೇ ಬರ್ತಾರೆ."