ಹೊರಡದ ಶಿಳ್ಳೆ

ಮಗಳ ಫೋನು ಬಂದಾಗ ತಾತನ ಒಂದು ಕೈಯಲ್ಲಿ ಮೂತ್ರಪರೀಕ್ಷೆಯ ಖಾಲಿ ಬಾಟಲಿಯಿತ್ತು, ಇನ್ನೊಂದರಲ್ಲಿ ಜ್ವರದಿಂದ ಕಾದ ಮೊಮ್ಮಗಳ ಕೈ.

"ಅಪ್ಪಾ... ಅಮ್ಮ ಹೋಗ್ಬಿಟ್ಳು. ಈಗ ತಾನೇ." ಊರಿನ ಆ ತುದಿಯ ದೊಡ್ಡಾಸ್ಪತ್ರೆಯಲ್ಲಿ, ತಾಯಿಯ ಹಾಸಿಗೆಯ ಪಕ್ಕದಲ್ಲಿ ಮಗಳು ಬಿಕ್ಕುತ್ತಿದ್ದಳು. "ಪುಟ್ಟಿದು ಆಯ್ತಾ ಅಪ್ಪ?"

"ಇನ್ನೂ ಇಲ್ಲಮ್ಮ," ಎಂದಷ್ಟೇ ಹೇಳಿ ಫೋನನ್ನು ಜೇಬಿಗಿಳಿಸಿದರು. ಮಕ್ಕಳ ಆಸ್ಪತ್ರೆಯ ಆ ಇಕ್ಕಟ್ಟಾದ ಶೌಚಾಲಯದಲ್ಲಿ ಅಳುವಂತೆಯೂ ಇರಲಿಲ್ಲ. ಮಗು ಮುಖವನ್ನೇ ನೋಡುತ್ತಿತ್ತು.

ನರ್ಸ್ ಇಣುಕಿದಳು. "ಏನ್ ತಾತ, ಇನ್ನೂ ಬರ್ಲಿಲ್ವಾ? ಇದು ಸಿಗದೆ ಡಾಕ್ಟರು ಇಂಜೆಕ್ಷನ್ ಶುರು ಮಾಡಲ್ಲ."

"ಎದೇಲಿ ಕಫ ಕಟ್ಟಿದೆ ಅಂದ್ರಲ್ಲಮ್ಮ, ಮತ್ತೆ ಇದ್ಯಾಕೆ?"

"ಎದೇಲಿ ಸೋಂಕಿದ್ರೆ ಮೂತ್ರದಲ್ಲಿ ಇರಬಾರ್ದು ಅಂತೇನಿಲ್ಲ. ಚಿಕ್ಕ ಮಕ್ಕಳಲ್ಲಿ ಒಂದರ ಮರೇಲಿ ಇನ್ನೊಂದು ಅಡಗಿರುತ್ತೆ. ಉಚ್ಚೆ ಮಾಡುವಾಗ ಅಳ್ತಾಳೆ ಅಂತ ನೀವೇ ಅಲ್ವಾ ಹೇಳಿದ್ದು?"

ಅದು ಅವರ ಮಾತಲ್ಲ. ನಿನ್ನೆ ಹೆಂಡತಿ ಉಸಿರಿಗಾಗಿ ಒದ್ದಾಡುತ್ತಲೇ ಹೇಳಿದ್ದಳು: "ನನ್ನ ಚಿಂತೆ ಬಿಡ್ರೀ. ಕೆಮ್ಮಿನ ಜೊತೆ ಅದನ್ನೂ ಡಾಕ್ಟರಿಗೆ ಹೇಳಿ. ನಿಮಗೋ, ಹೇಳಿದ್ದು ಈ ಕಿವೀಲಿ ಹೋಗಿ ಆ ಕಿವೀಲಿ ಬರುತ್ತೆ!"

"ಮಾಡು ಕಂದಾ."

"ಉರಿಯುತ್ತೆ ತಾತ. ಅಜ್ಜಿ ಸ್ಸ್ ಅಂದ್ರೇನೇ ಬರೋದು. ಅಜ್ಜೀನ ಕರಿ."

ತಾತ ಜೀವಮಾನವೆಲ್ಲ ಬಸ್ಸಿನ ಬಾಗಿಲಲ್ಲಿ ನಿಂತು ಶಿಳ್ಳೆ ಹಾಕಿದ ಕಂಡಕ್ಟರು. ಬೆಳಗ್ಗೆಯಿಂದ ಸ್ಸ್ ಎನ್ನಲು ತುಟಿ ಕೂಡಿಸಿದಾಗಲೆಲ್ಲ ಬಂದದ್ದು ಆ ಹಳೆಯ ಶಿಳ್ಳೆಯೇ. "ಇದು ಬಸ್ ಹೊರಡೋದು ತಾತ, ಉಚ್ಚೇದಲ್ಲ!" ಎಂದು ಮಗು ಜ್ವರದಲ್ಲೂ ನಕ್ಕಿತ್ತು.

ಈಗ ಮತ್ತೆ ಪ್ರಯತ್ನಿಸಿದರು. ತುಟಿಗಳು ಕೂಡಲಿಲ್ಲ, ನಡುಗಿದವು. ಶಿಳ್ಳೆ ಹೊರಡದೆ, ಅವುಗಳ ನಡುವಿನಿಂದ ಬರೀ ಉಸಿರು ಸೋರಿತು: ಸ್ಸ್ಸ್ಸ್...

"ಹಾಂ! ಅಜ್ಜಿ ಥರಾನೇ!" ಎಂದಿತು ಮಗು. ಮುಖ ಕಿವುಚಿ, ತಾತನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಮೊದಲು ನಾಲ್ಕು ಹನಿ, ಆಮೇಲೆ ಸಣ್ಣ ಧಾರೆ.

"ಯಾಕೆ ತಾತ ಅಳ್ತೀಯ? ನಿಂಗೂ ಉರಿಯುತ್ತಾ?"

"ಹೂಂ ಪುಟ್ಟಿ, ಸ್ವಲ್ಪ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರು ನರ್ಸಿನ ಮೇಜಿನತ್ತ ನಡೆದರು. ಅಂಗೈಯಲ್ಲಿ ಬಾಟಲಿ ಬೆಚ್ಚಗಿತ್ತು. ಆ ತುದಿಯ ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಇಷ್ಟು ಹೊತ್ತಿಗೆ ತಣ್ಣಗಾಗಿರಬೇಕು. ನಡೆಯುತ್ತಲೇ ಮನಸ್ಸಿನಲ್ಲೇ ಬೇಡಿಕೊಂಡರು: "ದೇವರೇ, ಅವಳು ನಿನ್ನ ಬಾಗಿಲಿಗೆ ಬಂದಿರುತ್ತಾಳೆ. ಮಗೂದು ಆಯ್ತು ಅಂತ ಮೊದಲು ಹೇಳಿಬಿಡಪ್ಪಾ. ಅದನ್ನು ಕೇಳದೆ ಅವಳು ಶಾಂತಿಯಿಂದ ಮಲಗುವವಳಲ್ಲ."