ತೊಂಬತ್ತೈದು ಅಂಕದ ರಾಜಪಾರ್ಟು

ಹಾರ್ಮೋನಿಯಂ ಮೇಷ್ಟ್ರು ಬೇಕಂತಲೇ ಅಡ್ಡ ನುಡಿಸುತ್ತಿದ್ದಾರೆ ಎಂಬುದರಲ್ಲಿ ರಾಮಾಂಜನೇಯನಿಗೆ ಈಗ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ. ಸಾಕ್ಷಿ ಅವನ ಜೇಬಿನಲ್ಲೇ ಇತ್ತು. ಮನೆಯಲ್ಲಿ ಹಾಡಿದರೆ ಫೋನು ತೊಂಬತ್ತೆರಡು ಅಂಕ ಕೊಡುತ್ತಿತ್ತು. ಅದೇ ಪದ್ಯ, ಅದೇ ಗಂಟಲು, ನಾಟಕದ ತಾಲೀಮಿನಲ್ಲಿ ಮೇಷ್ಟ್ರ ಪಕ್ಕ ನಿಂತು ಹಾಡಿದರೆ ಮೂವತ್ತೊಂದು.

"ಮೇಷ್ಟ್ರೆ, ಪೆಟ್ಗೆ ಒಸಿ ಸರಿಯಾಗಿ ನುಡ್ಸಿ" ಎಂದ.

ಸಣ್ಣರಂಗಯ್ಯ ಮೇಷ್ಟ್ರು ಶಿರಾದಿಂದ ಮಧುಗಿರಿಗೆ ಬಸ್ಸಿನಲ್ಲಿ ಬಂದು ನಾಟಕ ಕಲಿಸುವವರು. ಹಾಡುವವನು ಶ್ರುತಿ ಬಿಟ್ಟು ಎಲ್ಲಿಗೆ ಓಡಿದರೂ ಹಿಂದೆಯೇ ಓಡಿ ಹಿಡಿದು ತರುವುದು ಅವರ ನಲವತ್ತು ವರ್ಷದ ವಿದ್ಯೆ.

"ನೀವು ಒಂದ್ಕಡೆ ನಿಂತ್ಕಂಡ್ರೆ ತಾನೆ ಸ್ವಾಮಿ ನಾನು ಹಿಡಿಯೋದು" ಎಂದರು.

ನಮ್ಮ ಕಡೆಯ ಗಂಡಸರಿಗೆ ಪೌರಾಣಿಕ ನಾಟಕದ ಹುಚ್ಚು ಮೀಸೆಗಿಂತ ಮೊದಲು ಹುಟ್ಟುತ್ತದೆ, ಮೊಮ್ಮಕ್ಕಳಾದರೂ ಬಿಡುವುದಿಲ್ಲ. ರಾಮಾಂಜನೇಯ ಮೂವತ್ತು ವರ್ಷ ಪಾವಗಡದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಅವನು ಕೂಗಿದರೆ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಅದನ್ನೇ ಅವನು ಸಂಗೀತ ಎಂದು ತಿಳಿದಿದ್ದ. ಆದರೂ ಹನ್ನೊಂದು ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ದ್ವಾರಪಾಲಕನ ಈಟಿ ಮಾತ್ರ. ಸಾಯುವುದರೊಳಗೆ ಒಂದೇ ಒಂದು ಸಲ ರಾಜಪಾರ್ಟು ಮಾಡಬೇಕು, ಕಿರೀಟ ಹೊತ್ತು ಪದ್ಯ ಹಾಡಬೇಕು, ಜನ ‘ಒನ್ಸ್ ಮೋರ್’ ಎನ್ನಬೇಕು. ನಗುವ ಮಾತೇ ಇರಬಹುದು. ಆದರೆ ಅದನ್ನು ನೆನೆದರೆ ಅವನಿಗೆ ನಿಜವಾಗಿಯೂ ಕಣ್ಣು ತುಂಬುತ್ತಿತ್ತು.

ಅವನ ಪಾಲಿಗೆ ದೇವರಂತೆ ಬಂದದ್ದು ಒಂದು ಆ್ಯಪ್. ಮೈಕ್‌ಸೆಟ್ ಅಂಗಡಿಯ ಅಂಜಿನಮೂರ್ತಿ ಫೋನಿಗೆ ಹಾಕಿಕೊಟ್ಟಿದ್ದ. ಕೃತಕ ಬುದ್ಧಿಮತ್ತೆಯದಂತೆ. ಹಾಡು ಕೇಳಿಸಿಕೊಂಡು ಶ್ರುತಿ, ತಾಳ ಅಳೆದು ಅಂಕ ಕೊಡುತ್ತದೆ, ಕೆಳಗೆ ಕನ್ನಡದಲ್ಲಿ ವರದಿಯನ್ನೂ ಬರೆಯುತ್ತದೆ. ರಾಮಾಂಜನೇಯ ಅಂಕವನ್ನಷ್ಟೇ ನೋಡುತ್ತಿದ್ದ. ವರದಿ ಓದುವುದು ಫೇಲಾದವರ ಕೆಲಸ.

ಫೋನು ಮಾತ್ರ ಹಳೆಯದು. ಚಾರ್ಜಿಗೆ ಹಾಕದಿದ್ದರೆ ಎರಡು ಪದ್ಯ ಮುಗಿಯುವುದರಲ್ಲಿ ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಮನೆಯಲ್ಲಿ ಅದನ್ನು ಅಡುಗೆಮನೆಯ ಮಿಕ್ಸಿ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ, ತಾನು ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತು ಹಾಡುತ್ತಿದ್ದ. ಹಾಡಲು ನಿಂತನೆಂದರೆ ಅವನಿಗೆ ಬಾಯಿ ಒಂದೇ, ಕಿವಿ ಇಲ್ಲ.

ಹೆಂಡತಿ ಶಿವಲಕ್ಷ್ಮಿಗೆ ತೊಂದರೆಯಾದೀತೇನೋ ಎಂದು ಒಮ್ಮೆ ಕೇಳಿಯೂ ಇದ್ದ.

"ಹಾಡ್ಕಳಿ. ನಂಗೂ ಕೆಲ್ಸ ಮಾಡಕ್ಕೆ ಬೇಜಾರಾಗಲ್ಲ" ಎಂದಿದ್ದಳು.

ಕಟ್ಟಿಕೊಂಡವಳೇ ಮೆಚ್ಚಿದ ಮೇಲೆ ಬೇರೆ ಯಾರ ಸರ್ಟಿಫಿಕೇಟು ಬೇಕು?

ಒಂದೇ ಒಂದು ಸಲ ಮನೆಯಲ್ಲೂ ಅಂಕ ಮುಗ್ಗರಿಸಿತ್ತು. ಶಿವಲಕ್ಷ್ಮಿ ಕೊರಟಗೆರೆಯ ಅಕ್ಕನ ಮನೆಗೆ ಹೋಗಿ ಮೂರು ದಿನ ಉಳಿದಿದ್ದಳು. ಮೂರು ದಿನವೂ ಮೂವತ್ತು ದಾಟಲಿಲ್ಲ. ಹೊತ್ತುಹೊತ್ತಿಗೂ ಹೋಟೆಲಿನ ಚಿತ್ರಾನ್ನ ತಿಂದರೆ ಗಂಟಲು ಇನ್ನೇನಾಗುತ್ತದೆ? ಅವಳು ವಾಪಸು ಬಂದು ಮುದ್ದೆ, ಹುರುಳಿ ಸಾರು ಮಾಡಿದ ದಿನವೇ ಅಂಕ ತೊಂಬತ್ತಕ್ಕೆ ಏರಿತು. ಅಂದಿನಿಂದ ಅವನು ಬೀಗರ ಬಾಡೂಟಕ್ಕೆ ಕರೆದರೂ ಹೊರಗೆ ಕೈ ತೊಳೆದವನಲ್ಲ.

ಇಷ್ಟಾದ ಮೇಲೂ ಮೇಷ್ಟ್ರು ಪಾರ್ಟು ಹಂಚುವ ದಿನ, "ರಾಮಾಂಜನೇಯಪ್ಪ, ಈ ಸಲಾನೂ ಈಟಿನೇ ಹಿಡ್ಕಳಿ" ಎಂದುಬಿಟ್ಟರು.

ರಾಮಾಂಜನೇಯನ ಮೈ ಉರಿದುಹೋಯಿತು. "ನಾಳೆ ಬೆಳಿಗ್ಗೆ ಎಲ್ರೂ ನಮ್ಮನೆಗೆ ಬನ್ನಿ. ಮಿಷನ್ ಏನಂತದೋ ಅದೇ ತೀರ್ಮಾನ. ಅದಕ್ಕೆ ನೆಂಟ್ರಿಲ್ಲ, ಇಷ್ಟ್ರಿಲ್ಲ, ಹೊಟ್ಟೆಕಿಚ್ಚಂತೂ ಇಲ್ವೇ ಇಲ್ಲ."

"ಆಗ್ಲಿ" ಎಂದರು ಮೇಷ್ಟ್ರು. "ಮಿಷನ್ ಮೆಚ್ಚಿದ್ರೆ ನಾನು ಎರಡು ಮಾತಾಡಲ್ಲ."

ಬೆಳಿಗ್ಗೆ ನಾಟಕದವರೆಲ್ಲ ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಫೋನು ಅಡುಗೆಮನೆ ಸೇರಿತು. ಶಿವಲಕ್ಷ್ಮಿ ಎಲ್ಲರಿಗೂ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ರಾಮಾಂಜನೇಯ ದೇವರಿಗೆ ಕೈಮುಗಿದು, ಮೀಸೆ ಸವರಿ, ಹಾಡಿದ. ಎದುರುಮನೆಯ ಎಮ್ಮೆ ಹಗ್ಗ ಜಗ್ಗತೊಡಗಿತು. ಅಂಜಿನಮೂರ್ತಿ ಕೆಮ್ಮುವ ನೆಪದಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡ. ಮೇಷ್ಟ್ರು ಮಾತ್ರ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಕಣ್ಣು ಮುಚ್ಚಿ, ಅಡುಗೆಮನೆಯ ಗೋಡೆಗೆ ಜರುಗಿ ಕಿವಿಯಾನಿಸಿ ಕೂತರು. ಉಪ್ಪಿಟ್ಟಿನ ಒಗ್ಗರಣೆ ಎಳೆದಿರಬೇಕು. ಪದ್ಯ ಮುಗಿಯುವವರೆಗೂ ಅವರು ಅಲ್ಲಿಂದ ಅಲ್ಲಾಡಲಿಲ್ಲ.

ಅಂಜಿನಮೂರ್ತಿ ಒಳಗೆ ಹೋಗಿ ಫೋನು ತಂದ. ಪರದೆ ನೋಡಿದ. ಮತ್ತೊಮ್ಮೆ ನೋಡಿದ.

"ತೊಂಬತ್ತೈದು" ಎಂದ.

ತಮ್ಮ ಕಿವಿಯನ್ನು ನಂಬಬೇಕೋ ಫೋನನ್ನು ನಂಬಬೇಕೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

"ಮಿಷನ್ ಸರಿಯಾಗೇ ಹೇಳೈತೆ" ಎಂದರು ಮೇಷ್ಟ್ರು. "ನಲವತ್ತು ವರ್ಷದಲ್ಲಿ ಇಂಥಾ ದನಿ ಕೇಳಿರ್ಲಿಲ್ಲ. ಈ ಸಲ ರಾಜಪಾರ್ಟು ಈ ದನಿಗೇ ಕಣ್ರಪ್ಪ. ನಾನು ಮಾತು ಕೊಟ್ಟಿದ್ದಾಯ್ತು."

ಇಷ್ಟು ದಿನ ಈ ಪುಣ್ಯಾತ್ಮರನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆನಲ್ಲ ಎಂದು ರಾಮಾಂಜನೇಯನಿಗೆ ನಾಚಿಕೆಯಾಯಿತು. ಬಗ್ಗಿ ಅವರ ಕಾಲು ಮುಟ್ಟಿದ.

ಮೇಷ್ಟ್ರು ಕಾಲು ಹಿಂದಕ್ಕೆಳೆದುಕೊಂಡರು. "ನಂಗ್ಯಾಕಪ್ಪ, ಬುಡಿ. ವರದಿನೂ ಓದಿ, ಎಲ್ರಿಗೂ ಗೊತ್ತಾಗ್ಲಿ."

"ಓದದೆ ಇರ್ತೀನಾ? ಲೇ ಶಿವಲಕ್ಷ್ಮಿ, ಬಾರೇ ಈಚೆಗೆ. ನೀನೂ ಕೇಳು."

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ರಾಮಾಂಜನೇಯ ಕನ್ನಡಕ ಏರಿಸಿಕೊಂಡು, ಬೀದಿಯ ಕೊನೆಯ ಮನೆಗೂ ಮುಟ್ಟುವಂತೆ ಬಸ್ ಸ್ಟ್ಯಾಂಡಿನ ದನಿಯಲ್ಲಿ ಓದಿದ:

"ಹೆಣ್ಣುದನಿ, ಶ್ರುತಿ ಶುದ್ಧ, ತಾಳ ಶುದ್ಧ, ಹಿನ್ನೆಲೆಯಲ್ಲಿದ್ದ ಗಂಡಸಿನ ಕೂಗಾಟವನ್ನು ಗದ್ದಲವೆಂದು ತೆಗೆದುಹಾಕಲಾಗಿದೆ."